ನಳದ ನೀರಿನ ವಾಸನೆಗೆ ಹೆದರಬೇಕೇ?

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳ ಬಾಯಲ್ಲಿ ಒಂದೇ ಮಾತು: "ನಳದ ನೀರು ದವಾಖಾನಿ ನಾರಿದಂಗ ನಾರತಾವ ನೋಡ್ರಿ!" ಬಾಗಲಕೋಟೆ ಇರಲಿ, ಬಾದಾಮಿ ಇರಲಿ, ಹುನಗುಂದ-ಇಳಕಲ್ಲ ಇರಲಿ, ಕೊಡ ತುಂಬುವಾಗ ಮೂಗಿಗೆ ಹೊಡೆಯುವ ಆ ವಾಸನೆ ನಿಮಗೂ ಗೊತ್ತಿದ್ದದ್ದೇ. ಚಹಾದ ರುಚಿ ಕೆಡುತ್ತದೆ. ಮಕ್ಕಳು ತಂಬಿಗೆ ಬಾಯಿಗಿಟ್ಟು ಮುಖ ಸಿಂಡರಿಸುತ್ತಾರೆ. ಯಜಮಾನರು ಊಟಕ್ಕೆ ಕುಳಿತಾಗ "ಏನ ಹಾಕಿ ಇದಕ್ಕ?" ಎಂದು ನಮ್ಮನ್ನೇ ಕೇಳುತ್ತಾರೆ, ನಾವೇ ಏನೋ ಬೆರೆಸಿದ ಹಾಗೆ!

ವಾಸನೆಯಷ್ಟೇ ಆಗಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಇತ್ತೀಚೆಗೆ ಕೈಯಲ್ಲೊಂದು ಮೊಬೈಲು ಬಂದ ಮೇಲೆ ದಿನಕ್ಕೊಂದು ಭಯ ಮನೆಯೊಳಗೆ ಬರುತ್ತಿದೆ. "ಕ್ಲೋರಿನ್ ನೀರು ಕುಡಿದರೆ ಕ್ಯಾನ್ಸರ್", "ಬಸುರಿಯರು ನಳದ ನೀರು ಮುಟ್ಟಬೇಡಿ" ಎಂಬ ಸಂದೇಶಗಳನ್ನು ನೀವೂ ಓದಿರಬೇಕು. ನಮ್ಮ ಓಣಿಯಲ್ಲಿ ಏಳು ತಿಂಗಳ ಬಸುರಿ ಸೊಸೆಯೊಬ್ಬಳಿದ್ದಾಳೆ. ಅವಳ ಅತ್ತೆ ಇಂಥದ್ದೊಂದು ಸಂದೇಶ ಕೇಳಿ, ನಳದ ನೀರನ್ನು ಬಟ್ಟೆ-ಭಾಂಡೆಗೆ ಬಿಟ್ಟು, ಕುಡಿಯಲಿಕ್ಕೆ ಹೊಲದ ಬೋರಿನ ನೀರು ತರಿಸಲು ಶುರುಮಾಡಿದರು. "ಅಕ್ಕಾರ, ನಮ್ಮ ಸೊಸಿಗೆ ಔಷಧ ನೀರು ಬ್ಯಾಡ್ರಿ. ಭೂಮಿ ತಾಯಿ ಹೊಟ್ಟಿಯಾಗಿನ ನೀರು, ಅದರಾಗ ಏನ ಕಲಬೆರಕಿ ಇರತೈತಿ?" ಎಂದರು ನನಗೆ. ಅವರ ಪ್ರೀತಿಯಲ್ಲಿ ಕಲಬೆರಕೆ ಇರಲಿಲ್ಲ, ನಿಜ. ಆದರೆ ನೀರಿನ ವಿಚಾರಕ್ಕೆ ಪ್ರೀತಿಯೊಂದೇ ಸಾಲದು.

ನಾನು ಎಸ್ಸೆಸ್ಸೆಲ್ಸಿ ಓದಿ ಒಲೆ ಹಿಡಿದವಳು. ಆದರೆ ಮನೆಯ ನೀರು, ಮನೆಯ ಅನ್ನ ನಮ್ಮ ಕೈಯಲ್ಲಿರುವಾಗ ಅದರ ಒಳಗಿನ ಸಂಗತಿ ನಾವು ತಿಳಿಯದೆ ಮತ್ಯಾರು ತಿಳಿಯಬೇಕು? ಓದಿ, ಕೇಳಿ, ಗಂಟುಬಿದ್ದು ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆ ಸಂದೇಶದಲ್ಲಿರುವುದು ಪೂರಾ ಸುಳ್ಳಲ್ಲ. ಅದಕ್ಕೇ ಅದು ಹೆಚ್ಚು ಅಪಾಯದ್ದು.

ಆ ವಾಸನೆ ಎಲ್ಲಿಂದ?

ನೀರಿಗೆ ಕ್ಲೋರಿನ್ ಹಾಕುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ಎಂಬ ಊರಿನಲ್ಲಿ ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಹಬ್ಬಿದಾಗ ಊರ ನೀರಿಗೆ ಕ್ಲೋರಿನ್ ಕೂಡಿಸಿದರು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ದಿನಂಪ್ರತಿ ಹಾಕಲು ಆರಂಭಿಸಿದರು. ಆಮೇಲೆ ಜಗತ್ತಿನ ದೊಡ್ಡ ಊರುಗಳಲ್ಲೆಲ್ಲ ಇದು ರೂಢಿಯಾಯಿತು. ಕಾಲರಾ, ಟೈಫಾಯ್ಡ್, ಆಮಶಂಕೆಗಳಿಂದ ಉಳಿದ ಜೀವಗಳಿಗೆ ಲೆಕ್ಕ ಇಟ್ಟವರಾರು? ನಮ್ಮ ಅಜ್ಜಿಯರ ಕಾಲದಲ್ಲಿ "ವಾಂತಿಭೇದಿ ಬಂತು" ಎಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂರುತ್ತಿತ್ತಂತೆ. ಇವತ್ತು ಬನಶಂಕರಿ ಜಾತ್ರೆಗೆ ಮಕ್ಕಳನ್ನು ಕಟ್ಟಿಕೊಂಡು ಹೋಗಿ, ನಾಟಕ ನೋಡಿ, ಆರಾಮಾಗಿ ತಿರುಗಿ ಬರುತ್ತೇವಲ್ಲ, ಅದರ ಹಿಂದೆ ಈ ನಾರುವ ಪುಡಿಯ ಋಣವೂ ಇದೆ.

ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಕೊಂದ ಮೇಲೆ ಸ್ವಲ್ಪ ಉಳಿದುಕೊಂಡು ನಳದ ತನಕ ಬಂದು, ದಾರಿಯಲ್ಲಿ ಸೇರಿಕೊಳ್ಳುವ ಕೊಳೆಯನ್ನೂ ಎದುರಿಸುತ್ತದೆ. ಹೀಗೆ ಉಳಿಯಬೇಕಾದದ್ದು ಒಂದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಎಂದು ಭಾರತೀಯ ಮಾನಕ ಬ್ಯೂರೋದ 2012ರ ನಿಯಮ ಹೇಳುತ್ತದೆ. ವೈರಸ್ಸಿನ ಭಯವಿದ್ದಾಗ 0.5 ಮಿಲಿಗ್ರಾಂ ಇರಬೇಕು. ಅಂದಮೇಲೆ ನಳದ ನೀರಿಗೆ ನಸು ವಾಸನೆ ಇರುವುದು ಕಾವಲುಗಾರ ಎಚ್ಚರಾಗಿದ್ದಾನೆ ಎಂಬ ಗುರುತು. ಮಳೆಗಾಲದಲ್ಲಿ ಕೆಂಪು ನೀರು ಬರುತ್ತಿದ್ದೂ ಏನೂ ವಾಸನೆ ಇಲ್ಲವೆಂದರೆ ನಾನಂತೂ ಅವತ್ತು ಕಾಸದೆ ಒಂದು ಹನಿ ಕುಡಿಸುವುದಿಲ್ಲ.

ಹಾಗಾದರೆ ಕ್ಯಾನ್ಸರಿನ ಮಾತು?

ಈಗ ಮುಖ್ಯ ಮಾತಿಗೆ ಬರೋಣ. 1974ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ನಗರದ ನೀರು ಸರಬರಾಜಿನಲ್ಲಿದ್ದ ಯೊಹಾನೆಸ್ ರೂಕ್ ಎಂಬ ವಿಜ್ಞಾನಿ ಒಂದು ಸಂಗತಿ ಹೊರಗೆಡವಿದರು. ನದಿಯ ನೀರಿನಲ್ಲಿ ಕೊಳೆತ ಎಲೆ, ಹುಲ್ಲು, ಪಾಚಿಯ ರಸ ಕರಗಿರುತ್ತದಷ್ಟೆ? ಕ್ಲೋರಿನ್ ಆ ರಸದೊಂದಿಗೆ ಕೂಡಿ ಹೊಸ ಪದಾರ್ಥಗಳನ್ನು ಹುಟ್ಟಿಸುತ್ತದೆ. ಅವುಗಳಿಗೆ ಟ್ರೈಹ್ಯಾಲೋಮೀಥೇನ್ ಎಂದು ಹೆಸರು. ಅವುಗಳಲ್ಲಿ ಮುಖ್ಯವಾದದ್ದು ಕ್ಲೋರೋಫಾರ್ಮ್. ಹೌದು, ಹಳೆಯ ಸಿನೆಮಾಗಳಲ್ಲಿ ಖಳನಾಯಕ ಕರವಸ್ತ್ರಕ್ಕೆ ಹಾಕಿ ನಾಯಕಿಯ ಮೂಗಿಗೆ ಹಿಡಿಯುತ್ತಿದ್ದನಲ್ಲ, ಅದೇ! ಅದೇ ವರ್ಷ ಅಮೆರಿಕದ ನಳಗಳಲ್ಲಿಯೂ ಇದು ಸಿಕ್ಕಿತು. 1976ರಲ್ಲಿ ಅಲ್ಲಿಯ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಬಹಳ ಪ್ರಮಾಣದ ಕ್ಲೋರೋಫಾರ್ಮ್ ಇಲಿಗಳಿಗೆ ಕ್ಯಾನ್ಸರ್ ತರುತ್ತದೆಂದು ತೋರಿಸಿಕೊಟ್ಟಿತು. 1979ರಲ್ಲಿ ಅಮೆರಿಕ ಇದಕ್ಕೆ ಮಿತಿ ಹಾಕಿತು. 1998ರಲ್ಲಿ ಆ ಮಿತಿಯನ್ನು ಇನ್ನಷ್ಟು ಬಿಗಿ ಮಾಡಿತು. ನಮ್ಮ ದೇಶದ 2012ರ ನಿಯಮದಲ್ಲೂ ಒಂದು ಲೀಟರಿನಲ್ಲಿ ಕ್ಲೋರೋಫಾರ್ಮ್ 0.2 ಮಿಲಿಗ್ರಾಂ ದಾಟಬಾರದೆಂದಿದೆ. ಮಿಲಿಗ್ರಾಂ ಅಂದರೆ ಗ್ರಾಮಿನಲ್ಲಿ ಸಾವಿರದ ಒಂದು ಪಾಲು. ಅದರಲ್ಲಿ ಮತ್ತೆ ಐದನೇ ಒಂದು ಪಾಲು ಎಂದರೆ ಎಷ್ಟು ಕಿಂಚಿತ್ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಮನುಷ್ಯರಲ್ಲಿ ಏನಾಗುತ್ತದೆ? ಇಂಥ ನೀರನ್ನು ಮೂವತ್ತು ನಲವತ್ತು ವರ್ಷ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡುಬಂತೆಂದು ಹೊರದೇಶದ ಕೆಲವು ಅಧ್ಯಯನಗಳು ಹೇಳಿವೆ. ಆದರೆ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1991ರಲ್ಲಿ ಎಲ್ಲವನ್ನೂ ತೂಗಿ ನೋಡಿ, ಕ್ಲೋರಿನ್ ಹಾಕಿದ ಕುಡಿಯುವ ನೀರು ಕ್ಯಾನ್ಸರ್ ತರುತ್ತದೆಂದು ಹೇಳಲು ಪುರಾವೆ ಸಾಲದು ಎಂದಿತು. ಕ್ಲೋರೋಫಾರ್ಮನ್ನು ಮಾತ್ರ "ತರಬಹುದಾದದ್ದು" ಎಂಬ ಗುಂಪಿನಲ್ಲಿಟ್ಟಿದೆ. ಅಂದಹಾಗೆ, ಮೂತ್ರಕೋಶದ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬೀಡಿ-ಸಿಗರೇಟು. ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕುಳಿತು ನಳದ ನೀರನ್ನು ಬೈಯುವ ಗಂಡಸರಿಗೆ ಇದನ್ನು ಯಾರಾದರೂ ಹೇಳಬೇಕು!

ಇನ್ನು ಬಸುರಿಯರ ಸಂಗತಿ. 1998ರಲ್ಲಿ ಕ್ಯಾಲಿಫೋರ್ನಿಯದ ಒಂದು ಅಧ್ಯಯನ, ಟ್ರೈಹ್ಯಾಲೋಮೀಥೇನ್ ಹೆಚ್ಚಾಗಿದ್ದ ತಣ್ಣೀರನ್ನು ದಿನಕ್ಕೆ ಐದು ಗ್ಲಾಸು, ಅದಕ್ಕೂ ಮೇಲೆ ಕುಡಿದವರಲ್ಲಿ ಗರ್ಭಪಾತ ಹೆಚ್ಚೆಂದು ಹೇಳಿತು. ಜಗತ್ತೆಲ್ಲ ಗುಲ್ಲಾಯಿತು. ಅದನ್ನೇ ಮತ್ತೆ ಪರೀಕ್ಷಿಸಲೆಂದು ಇನ್ನೂ ಎಚ್ಚರದಿಂದ ಮಾಡಿದ ಅಧ್ಯಯನದಲ್ಲಿ ಅಂಥ ಸಂಬಂಧ ಗಟ್ಟಿಯಾಗಿ ಕಂಡುಬರಲಿಲ್ಲ. ಮೊದಲನೆಯ ಸುದ್ದಿ ಮೊಬೈಲಿಗೆ ಬಂತು. ಎರಡನೆಯದು ಬರಲೇ ಇಲ್ಲ.

ನಮ್ಮೂರ ನೀರಿನಲ್ಲಿ ಯಾವಾಗ ಹೆಚ್ಚು?

ನಮ್ಮ ಜಿಲ್ಲೆಯ ಪುಣ್ಯ ನೋಡಿ, ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂವರೂ ಇಲ್ಲಿ ಹರಿಯುತ್ತಾರೆ. ಬಾಗಲಕೋಟೆಯ ಹಳೆಯ ಊರನ್ನು ಮುಳುಗಿಸಿದ ಆಲಮಟ್ಟಿಯ ಹಿನ್ನೀರು ಕಡಲಿನ ಹಾಗೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುತ್ತದೆ, ಗಿಡಗಂಟಿ ಕೊಳೆಯುತ್ತದೆ. ಮೊದಲ ಮಳೆಗೆ ಹೊಲದ ಕೆಸರು, ಎಲೆ, ಸಗಣಿ ಎಲ್ಲ ಹೊಳೆ ಸೇರಿ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿದ್ದು ನೆನಪಿದೆಯಲ್ಲ? ಅಂಥ ದಿನಗಳಲ್ಲಿ ರೋಗಾಣುವೂ ಹೆಚ್ಚು, ಕೊಳೆತ ರಸವೂ ಹೆಚ್ಚು. ಕ್ಲೋರಿನ್ನೂ ಹೆಚ್ಚು ಬೇಕು. ಆದ್ದರಿಂದ ಈ ಉಪಪದಾರ್ಥಗಳೂ ಹೆಚ್ಚು ಹುಟ್ಟುತ್ತವೆ. ಬಿಸಿಲಿಗೂ ಇದರಲ್ಲಿ ಪಾಲುಂಟು. ನೀರು ಕಾದಷ್ಟೂ, ಕೊಳವೆಯಲ್ಲಿ ಟಾಕಿಯಲ್ಲಿ ನಿಂತಷ್ಟೂ ಇವು ಬೆಳೆಯುತ್ತವೆ. ನಮ್ಮ ಏಪ್ರಿಲ್-ಮೇ ಬಿಸಿಲು ಎಂಥದ್ದೆಂದು ನಿಮಗೆ ಹೇಳಬೇಕೆ!

ಇದಕ್ಕೆ ಸರಿಯಾದ ಉಪಾಯ ಕ್ಲೋರಿನ್ ನಿಲ್ಲಿಸುವುದಲ್ಲ. ಮೊದಲು ಪಟಿಕ ಹಾಕಿ ಕೆಸರು ಇಳಿಸಿ, ಮರಳಿನಲ್ಲಿ ಸೋಸಿ, ತಿಳಿಯಾದ ನೀರಿಗೆ ಕೊನೆಯಲ್ಲಿ ಕ್ಲೋರಿನ್ ಹಾಕಬೇಕು. ಆಗ ಸ್ವಲ್ಪ ಕ್ಲೋರಿನ್ನೇ ಸಾಕು, ಹುಟ್ಟುವ ಕೆಡುಕೂ ಕಡಿಮೆ. ರಾಡಿ ನೀರಿಗೆ ಬರಿಯ ಪುಡಿ ಸುರಿದು ಬಿಡುವುದು ಬೇಳೆ ತೊಳೆಯದೆ ಒಗ್ಗರಣೆ ಹಾಕಿದಂತೆ. ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಮರಳಿನ ಹಾಸಿಗೆ ಯಾವಾಗ ತೊಳೆದರು, ಮೇಲ್ಟಾಕಿ ಯಾವ ದಿನ ಸ್ವಚ್ಛ ಮಾಡಿದರು ಎಂದು ಕೇಳುವುದು ನಮ್ಮ ಹಕ್ಕು. ಟಾಕಿಯ ಮೇಲೆ ಆ ದಿನಾಂಕ ಬರೆಸಿರೆಂದು ಸ್ತ್ರೀಶಕ್ತಿ ಸಂಘದ ನಾಲ್ಕು ಹೆಣ್ಣುಮಕ್ಕಳು ಕೂಡಿ ಹೋಗಿ ಕೇಳಿದರೆ ಬರೆಸದೆ ಏನು ಮಾಡುತ್ತಾರೆ?

ನಿಜವಾದ ಯಮ ಯಾರು?

ಕ್ಲೋರಿನ್ನಿನಿಂದಾಗುವ ಕೇಡು ಬರುವುದಿದ್ದರೂ ಹತ್ತಾರು ವರ್ಷಗಳ ಮೇಲೆ, ಅದೂ ಸಾವಿರಾರು ಜನರಲ್ಲಿ ಎಲ್ಲೋ ಕೆಲವರಿಗೆ. ಕ್ಲೋರಿನ್ ಇಲ್ಲದ ಕೊಳಕು ನೀರಿನ ಕೇಡು ಎರಡು ದಿನದಲ್ಲಿ ಬರುತ್ತದೆ. ದೂರ ಹೋಗಬೇಕಿಲ್ಲ. 2022ರ ಮೇ ಕೊನೆಗೆ ನಮ್ಮ ಮಗ್ಗುಲಿನ ರಾಯಚೂರು ನಗರದಲ್ಲಿ ನಳದ ನೀರು ಕಲುಷಿತಗೊಂಡು ಹಲವರು ಸತ್ತರು, ಮಕ್ಕಳು ಮರಿ ಎನ್ನದೆ ಎಷ್ಟೋ ಜನ ಆಸ್ಪತ್ರೆ ಸೇರಿದರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ಗೋಳು. ಸಮುದ್ರದಾಚೆಯ ಮಾತು ಬೇಕಾದರೆ, 1991ರಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಕಾಲರಾ ಎದ್ದು ಒಂದೇ ವರ್ಷದಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ಜನ ಹಾಸಿಗೆ ಹಿಡಿದರು, ಮೂರು ಸಾವಿರದಷ್ಟು ಜನ ಸತ್ತರು. ಅಲ್ಲಿಯ ಎಷ್ಟೋ ಊರುಗಳ ನೀರಿಗೆ ಕ್ಲೋರಿನ್ ಸರಿಯಾಗಿ ಬೀಳುತ್ತಿರಲಿಲ್ಲ.

ಬಸುರಿಯರ ಮನೆಯವರು ಈ ಮಾತನ್ನು ಇನ್ನಷ್ಟು ಕಿವಿಗೊಟ್ಟು ಕೇಳಬೇಕು. ಹೊಲಸು ನೀರಿನಿಂದ ಬರುವ ಕಾಮಣಿಯಲ್ಲಿ ಹೆಪಟೈಟಿಸ್ ಇ ಎಂಬುದೊಂದಿದೆ. ಉಳಿದವರಿಗೆ ಸಾಮಾನ್ಯವಾಗಿ ಪಥ್ಯ, ವಿಶ್ರಾಂತಿಯಿಂದ ಗುಣವಾಗುವ ಈ ಬೇನೆ, ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರರಲ್ಲಿ ಇಪ್ಪತ್ತು ಇಪ್ಪತ್ತೈದು ಜನರನ್ನು ಬಲಿ ತೆಗೆದುಕೊಳ್ಳುತ್ತದೆ. 1955ರ ಕೊನೆಗೆ ದಿಲ್ಲಿಯಲ್ಲಿ ಯಮುನೆಯ ನೀರಿಗೆ ಚರಂಡಿ ಸೇರಿ ಸುಮಾರು 29 ಸಾವಿರ ಜನರಿಗೆ ಕಾಮಣಿ ಬಂದಿತ್ತು. ಅದು ಇದೇ ಬೇನೆಯೆಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಆಗ ನೀರಿಗೆ ಕ್ಲೋರಿನ್ ಹೆಚ್ಚು ಹಾಕಿದ್ದರು. ಟೈಫಾಯ್ಡ್ ಹಬ್ಬಲಿಲ್ಲ, ಕಾಮಣಿ ಮಾತ್ರ ನಿಲ್ಲಲಿಲ್ಲ. ಚರಂಡಿಯೇ ನೀರಿಗೆ ಸೇರಿದ ಮೇಲೆ ಕ್ಲೋರಿನ್ ಒಂದನ್ನೇ ನಂಬಿ ಕೂರಬಾರದು, ಕುದಿಸಲೇಬೇಕು. ಬಸುರಿಯರಿಗಂತೂ ವರ್ಷದ ಹನ್ನೆರಡು ತಿಂಗಳೂ ಕುದಿಸಿ ಆರಿಸಿದ ನೀರೇ ಇರಲಿ.

ಬೋರಿನ ತಿಳಿನೀರು

ಇನ್ನು ಆ ಅತ್ತೆಯವರು ತರಿಸಿದ ಬೋರಿನ ನೀರು. ನೋಡಲು ತಿಳಿ, ಮೂಗಿಗೆ ವಾಸನೆಯಿಲ್ಲ. ಆದರೆ ನಮ್ಮ ಹುನಗುಂದ, ಇಳಕಲ್ಲ, ಬಾದಾಮಿ, ಬಾಗಲಕೋಟೆ ತಾಲೂಕುಗಳ ಎಷ್ಟೋ ಹಳ್ಳಿಗಳ ಬೋರುಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ ಎಂಬುದು ಮೊದಲಿನಿಂದ ದಾಖಲಾದ ಸಂಗತಿ. ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲು ಹೊರದೇಶದ ಮಹಲುಗಳಿಗೆ ಹೋಗಿ ಹೊಳೆಯುತ್ತದೆಂದು ನಮಗೆ ಹೆಮ್ಮೆ. ಆದರೆ ಅಂಥ ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಬೋರು ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಇದು ಹೆಚ್ಚೇ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲವಾದರೆ 1.5ರ ತನಕ ನಡೆದೀತು. ಅದರಾಚೆ ಹಲ್ಲಿಗೆ, ಎಲುಬಿಗೆ ಕುತ್ತು.

ನನ್ನ ತವರು ಹುನಗುಂದ ಕಡೆಯ ಒಂದು ಹಳ್ಳಿ. ನನ್ನ ಓರಗೆಯ ಗೆಳತಿಯರಲ್ಲಿ ಎಷ್ಟೋ ಜನ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ನಾಚಿಕೆಯಿಂದಲ್ಲ. ಹಲ್ಲಿನ ಮೇಲೆ ಹಳದಿ, ಕಂದು ಗೆರೆಗಳು. ವರ ನೋಡಲು ಬಂದವರು "ಹುಡಿಗಿ ಚಂದ ಅದಾಳ, ಆದರ ಹಲ್ಲು..." ಎಂದು ಅರ್ಧಕ್ಕೇ ನಿಲ್ಲಿಸಿ ಎದ್ದು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಎಷ್ಟು ಉಜ್ಜಿದರೂ ಹೋಗದ ಕಲೆ ಅದು. ಎಂಟು ವರ್ಷದೊಳಗೆ, ಒಸಡಿನೊಳಗೆ ಹಲ್ಲು ಬೆಳೆಯುವಾಗಲೇ ಫ್ಲೋರೈಡ್ ಈ ಕೆಲಸ ಮುಗಿಸಿರುತ್ತದೆ. ದೊಡ್ಡವರಲ್ಲಿ ವರ್ಷಗಳು ಕಳೆದಂತೆ ಸೊಂಟ, ಕುತ್ತಿಗೆ, ಮೊಣಕಾಲು ಬಿಗಿಯುತ್ತವೆ. ನಲವತ್ತೈದಕ್ಕೇ ಬಗ್ಗಿ ಕಸ ಹೊಡೆಯಲಾಗದ ಹೆಣ್ಣುಮಕ್ಕಳು ಅದನ್ನು "ವಾಯು" ಎಂದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. 1937ರಲ್ಲಿಯೇ ಆಂಧ್ರದ ನೆಲ್ಲೂರು ಕಡೆ ವೈದ್ಯರು ಈ ಬೇನೆಯನ್ನು ಗುರುತಿಸಿದ್ದರು.

ಇಲ್ಲೊಂದು ಸೂಕ್ಷ್ಮ ಇದೆ, ಸೋದರಿಯರೇ. ಕುದಿಸಿದರೆ ರೋಗಾಣು ಸಾಯುತ್ತದೆ, ಕ್ಲೋರಿನ್ ಹಾರಿಹೋಗುತ್ತದೆ, ಕ್ಲೋರೋಫಾರ್ಮೂ ಹೋಗುತ್ತದೆ. ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ. ನೀರು ಬತ್ತಿದಂತೆ ಅದು ಇನ್ನಷ್ಟು ದಟ್ಟವಾಗುತ್ತದೆ, ಸಾರು ಕುದಿದು ಉಪ್ಪಾದ ಹಾಗೆ. ಬಟ್ಟೆಗೂ ಸಿಗದು, ಸಾದಾ ಫಿಲ್ಟರಿಗೂ ಸಿಗದು. ಅದಕ್ಕೇ ನಾನು ಆ ಅತ್ತೆಯವರಿಗೆ ಹೇಳಿದ್ದು: "ಕಾಕೂ, ವಾಸನಿ ಬರೂ ನೀರಿಗೆ ನನ್ನ ಹತ್ರ ಉಪಾಯ ಐತ್ರಿ. ವಾಸನಿ ಬರದ ಈ ನೀರಿಗೆ ಒಲಿ ಮ್ಯಾಲ ಉಪಾಯ ಇಲ್ಲ ನೋಡ್ರಿ." ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಸೊಸೆಯೇ ಬಂದು, ಹೇಗೆ ಕಾಸಬೇಕು ಹೇಳಿರಿ ಎಂದು ಕೇಳಿದಳು.

ಬೋರಿನ ಹೊರತು ಗತಿಯಿಲ್ಲದ ಊರಿನವರು ಊರ ಶುದ್ಧ ನೀರಿನ ಘಟಕದ ನೀರು ತರಬಹುದು. ಆರ್‌.ಓ. ಯಂತ್ರ ಫ್ಲೋರೈಡನ್ನು ತೆಗೆಯುತ್ತದೆ. ಆದರೆ ಆ ನೀರಿನಲ್ಲಿ ಕ್ಲೋರಿನ್ನಿನ ಕಾವಲು ಇರುವುದಿಲ್ಲ. ಕ್ಯಾನು ಹೊಲಸಾಗಿದ್ದರೆ, ನಾಲ್ಕು ದಿನ ಇಟ್ಟು ಕೈ ಅದ್ದಿದರೆ, ಅದೇ ನೀರು ರೋಗದ ಮನೆಯಾಗುತ್ತದೆ. ಕ್ಯಾನಿನ ಒಳಗೆ ಕೈಹಾಕಿ ನೋಡಿ, ಜಾರಿದರೆ ಅದು ಪಾಚಿ. ಮಕ್ಕಳಿಗೆ ಹಾಲು, ಮಜ್ಜಿಗೆ, ಎಳ್ಳು, ಹಸಿರು ಪಲ್ಯೆ, ನಿಂಬೆ, ನೆಲ್ಲಿಕಾಯಿ ಧಾರಾಳವಾಗಿ ಕೊಡಿ. ಸುಣ್ಣದಂಶ ಸಾಕಷ್ಟು ಸಿಕ್ಕ ಮೈಗೆ ಫ್ಲೋರೈಡಿನ ಪೆಟ್ಟು ಕಡಿಮೆ. ಚಹಾ ಎಲೆಯಲ್ಲಿಯೂ ಫ್ಲೋರೈಡ್ ಇರುವುದರಿಂದ ಇಂಥ ಊರಲ್ಲಿ ಎಳೆಯ ಮಕ್ಕಳಿಗೆ ಚಹಾ ಕುಡಿಸುವ ಚಾಳಿ ಬಿಡಿಸಿ.

ಮನೆಯಲ್ಲಿ ನಾವು ಮಾಡುವುದೇನು?

ನಮ್ಮ ಊರುಗಳಲ್ಲಿ ನಳ ದಿನಾ ಬರುವುದಿಲ್ಲ. ಎಷ್ಟೋ ದಿನಕ್ಕೊಮ್ಮೆ ಬರುತ್ತದೆ. ಖಾಲಿ ಕೊಳವೆ ಚರಂಡಿಯ ಮಗ್ಗುಲಲ್ಲಿ ಮಲಗಿರುತ್ತದೆ. ಬಿರುಕಿದ್ದರೆ ಹೊಲಸು ಒಳಗೆ ಇಳಿಯುತ್ತದೆ. ಆದ್ದರಿಂದ ನಳ ಬಂದ ಕೂಡಲೇ ಮೊದಲ ಎರಡು ಮೂರು ಕೊಡದ ನೀರನ್ನು ಬಚ್ಚಲಿಗೋ ಗಿಡಕ್ಕೋ ಬಿಡಿ. ಇನ್ನೊಂದು ಮಾತು ಹೇಳಿದರೆ ಸಿಟ್ಟಾಗಬೇಡಿ: ನಳಕ್ಕೆ ಮೋಟರ್ ಹಚ್ಚಿ ಎಳೆಯುತ್ತೇವಲ್ಲ, ಆ ಎಳೆತಕ್ಕೆ ಬಿರುಕಿನಿಂದ ಚರಂಡಿಯ ನೀರೇ ಕೊಳವೆಗೆ ಬರುತ್ತದೆ. ನಮ್ಮ ಮನೆಗಷ್ಟೇ ಅಲ್ಲ, ಓಣಿಗೆಲ್ಲ.

ನೀರನ್ನು ಮೊದಲು ಸೋಸಿ. ಅದಕ್ಕೆ ಹಳೆಯ ನೂಲಿನ ಸೀರೆಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ! ತಮಾಷೆಯಲ್ಲ. ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ ಅರವತ್ತಕ್ಕೂ ಹೆಚ್ಚು ಹಳ್ಳಿಗಳ ಹೆಂಗಸರು ಹಳೆಯ ಸೀರೆಯನ್ನು ನಾಲ್ಕು ಮಡಿಕೆಗೂ ಹೆಚ್ಚು ಮಡಿಚಿ ನೀರು ಸೋಸಿದ್ದರಿಂದ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತೆಂದು 2003ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಾಲರಾದ ರೋಗಾಣು ನೀರೊಳಗಿನ ಸಣ್ಣ ಹುಳಗಳ ಮೈಗೆ ಅಂಟಿರುತ್ತದೆ. ಹುಳ ಬಟ್ಟೆಗೆ ಸಿಕ್ಕಿಬೀಳುತ್ತದೆ. ತೊಳೆದು ತೊಳೆದು ಮೆತ್ತಗಾದ ಬಟ್ಟೆಯೇ ಹೊಸದಕ್ಕಿಂತ ಮೇಲು. ಇಳಕಲ್ಲ ಸೀರೆಯ ಹರಿದ ನೂಲಿನ ಒಡಲು ಸಾಕು, ರೇಷ್ಮೆ ಸೆರಗು ಬೇಡ. ಸೋಸಿದ ಮೇಲೆ ಬಟ್ಟೆಯನ್ನು ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ನೀರು ರಾಡಿಯಾಗಿದ್ದರೆ ಪಟಿಕದ ಹಳ್ಳನ್ನು ಕೊಡದಲ್ಲಿ ಎರಡು ಸುತ್ತು ತಿರುವಿ ಇಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಹಿಂದಿನವರು ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದದ್ದೂ ಇದಕ್ಕೇ.

ಆಮೇಲೆ ಕುದಿಸುವುದು. ಬೆಚ್ಚಗಾದರೆ ಸಾಲದು, ಗುಳುಗುಳು ಎಂದು ಮರಳಬೇಕು. ಮುಚ್ಚಳ ತೆಗೆದು, ಕಿಟಕಿ ತೆರೆದು ನಾಲ್ಕೈದು ನಿಮಿಷ ಮರಳಿಸಿ. ರೋಗಾಣುವಿಗೆ ಒಂದು ನಿಮಿಷವೇ ಸಾಕು, ಉಳಿದದ್ದು ವಾಸನೆಯ ಸಲುವಾಗಿ. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದಿಯುವ ಪದಾರ್ಥ, ನೀರು ಕುದಿಯುವುದು 100ಕ್ಕೆ. ಹೀಗಾಗಿ ತೆರೆದ ಪಾತ್ರೆಯಿಂದ ಅದರ ಬಹುಪಾಲು ಆವಿಯಾಗಿ ಹೋಗುತ್ತದೆ. ಆವಿಯಾಗದ ಕೆಲವು ಆಮ್ಲಗಳು ಸ್ವಲ್ಪ ಉಳಿಯುತ್ತವೆ. ಇದ್ದಿಲಿನ ಫಿಲ್ಟರ್ ಇದ್ದ ಮನೆಯಲ್ಲಿ ಅವೂ ಒಂದಿಷ್ಟು ಕಡಿಮೆಯಾದಾವು. ಆದರೆ ಫಿಲ್ಟರಿನ ಇದ್ದಿಲನ್ನು ಹೇಳಿದ ಅವಧಿಗೆ ಬದಲಿಸದಿದ್ದರೆ ಅದು ಬರಿಯ ಅಲಂಕಾರ. ಕುದಿಸಿದ ನೀರನ್ನು ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ, ತೊಳೆದ ಹರವಿಗೆ ಹಾಕಿ, ಉದ್ದ ಹಿಡಿಕೆಯ ಮಗ್ಗಿನಿಂದ ತೆಗೆಯಿರಿ. ಉಗುರು ಅದ್ದಿದಿರೋ, ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಚ್ಚಲಿನಲ್ಲಿ ಬಿಸಿನೀರಿನ ಆವಿಯೊಡನೆ ಕ್ಲೋರೋಫಾರ್ಮ್ ಉಸಿರಿಗೂ ಬರುವುದುಂಟು. ಗವಾಕ್ಷಿ ತೆರೆದಿಟ್ಟರೆ ಅಷ್ಟು ಸಾಕು.

ಗ್ಯಾಸು ತೀರಿದೆ, ಕುದಿಸಲಾಗಲಿಲ್ಲ ಎನ್ನುವ ದಿನ? ವಾಸನೆ ಬರುವ ನೀರನ್ನು ಒಂದು ಕೊಡದಿಂದ ಇನ್ನೊಂದಕ್ಕೆ ನಾಲ್ಕಾರು ಸಲ ಎತ್ತಿ ಸುರಿದು, ತೆಳು ಬಟ್ಟೆ ಮುಚ್ಚಿ ಒಂದೆರಡು ತಾಸು ಇಡಿ. ವಾಸನೆ ಇಳಿಯುತ್ತದೆ. ತಂಬಿಗೆಗೆ ಎರಡು ಹನಿ ನಿಂಬೆರಸ ಹಿಂಡಿದರೂ ಕ್ಲೋರಿನ್ ಅಡಗುತ್ತದೆ. ಇದು ಕುಡಿಯುವ ಹೊತ್ತಿಗೆ, ಕೊಡ ತುಂಬಿದ ಕೂಡಲೇ ಅಲ್ಲ. ತುಳಸಿ ಹಾಕುವ ಪದ್ಧತಿ ಇದ್ದವರು ನೀರು ಕುದಿಸಿ ಆರಿಸಿದ ಮೇಲೆ ಹಾಕಿ. ಹಸಿ ಎಲೆಯನ್ನು ಕ್ಲೋರಿನ್ ನೀರಿಗೆ ಹಾಕಿದರೆ, ಕ್ಲೋರಿನ್ ರೋಗಾಣು ಬಿಟ್ಟು ಎಲೆಯ ಬೆನ್ನು ಹತ್ತುತ್ತದೆ!

ಮನೆಯ ಟಾಕಿಗೆ ತಾವೇ ಬ್ಲೀಚಿಂಗ್ ಪೌಡರ್ ಹಾಕುವವರಿದ್ದೀರಿ. ತಿಳಿನೀರಿದ್ದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ಸುಮಾರು ಅರ್ಧ ಸಣ್ಣ ಚಮಚ. ಹಿಡಿಗಟ್ಟಲೆ ಅಲ್ಲ. ಮೊದಲು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿಯನ್ನಷ್ಟೇ ಟಾಕಿಗೆ ಸುರಿದು ಒಂದು ತಾಸು ಬಿಡಿ. ಪುಡಿಯ ಡಬ್ಬಿಗೆ ಗಾಳಿ, ಬೆಳಕು ತಾಗಿದರೆ ಅದರ ಕಸುವು ಹೋಗುತ್ತದೆ. ಬ್ಲೀಚಿಂಗ್ ಪೌಡರನ್ನೂ ಪಾಯಖಾನೆ ತೊಳೆಯುವ ಆ್ಯಸಿಡ್ಡನ್ನೂ ಎಂದೆಂದಿಗೂ ಕೂಡಿಸಬೇಡಿ. ಅದರಿಂದ ಏಳುವ ಗಾಳಿ ಎದೆಯನ್ನೇ ಸುಡುತ್ತದೆ.

ಮಗುವಿಗೆ ಭೇದಿ ಹತ್ತಿತೆಂದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟ ಮಾಡಿದ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಒಳಗೆ ಸೇರಿದರೆ, ಮೂತ್ರ ಕಟ್ಟಿದರೆ, ಮಂಕಾಗಿ ಬಿದ್ದರೆ ದವಾಖಾನೆಗೆ ಓಡಿ. ಓಣಿಯಲ್ಲಿ ಎರಡು ಮೂರು ಮನೆಗೆ ಒಂದೇ ಸಲ ಭೇದಿ ಬಂದರೆ ಆಶಾ ಕಾರ್ಯಕರ್ತೆಗೆ ಆ ಹೊತ್ತೇ ತಿಳಿಸಬೇಕು. ಆಗ ಕೊಳವೆ ಎಲ್ಲಿ ಒಡೆದಿದೆ ಎಂದು ಹುಡುಕಲಾದರೂ ಬರುತ್ತದೆ.

ನಮ್ಮ ಬೋರಿನಲ್ಲಿ ಫ್ಲೋರೈಡ್ ಎಷ್ಟು, ನಳದಲ್ಲಿ ಕ್ಲೋರಿನ್ ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದು ಈಗ ಕಷ್ಟವಲ್ಲ. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನಲ್ಲಿ, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎನ್ನುವ ಅದೇ ಯೋಜನೆಯಲ್ಲಿ, ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಪೆಟ್ಟಿಗೆ ಬಳಸಲು ಕಲಿಸಬೇಕೆಂಬ ನಿಯಮವಿದೆ. ನಿಮ್ಮ ಊರಿನ ಆ ಐವರು ಯಾರು ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಪೆಟ್ಟಿಗೆ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದರೆ ಹೊರಗೆ ತೆಗೆಸಿ. ಸಣ್ಣ ಸೀಸೆಯಲ್ಲಿ ನಿಮ್ಮ ನಳದ ನೀರು ತೆಗೆದುಕೊಂಡು ಅವರು ಹೇಳಿದ ಔಷಧಿ ಬೆರೆಸಿದರೆ, ಕ್ಲೋರಿನ್ ಉಳಿದ ನೀರು ಬಣ್ಣ ತಿರುಗುತ್ತದೆ. ಹೊಸ ಬಗೆಯ ಔಷಧಿಯಲ್ಲಿ ಗುಲಾಬಿ, ಹಳೆಯದರಲ್ಲಿ ಹಳದಿ. ಏನೂ ಬಣ್ಣ ಬರಲಿಲ್ಲವೆಂದರೆ ಆ ಸೀಸೆಯನ್ನು ಹಾಗೇ ಕೈಯಲ್ಲಿ ಹಿಡಿದು ಪಂಚಾಯಿತಿಗೆ ಹೋಗಿ ತೋರಿಸಿ.